ಸಂಜೆ ತರಗತಿ: ಒಬ್ಬರು ಮುಟ್ಟಿದ ಟ್ಯಾಬ್ ಇನ್ನೊಬ್ಬರು ಒರೆಸಿ ತೆಗೆದುಕೊಳ್ಳುತ್ತಾರೆ. ಏನು ಮಾಡೋಣ?

ಅರಿವು ಅಕ್ಕ, ಸಕಲೇಶಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಮೇಲ್ವಿಚಾರಕಿ. ಊರಲ್ಲಿ ಈಗಲೂ ಎಲ್ಲರೂ ಲೈಬ್ರರಿ ಅಂತಲೇ ಕರೆಯುತ್ತಾರೆ. ಸಂಜೆ ಆರೂವರೆಗೆ ದೊಡ್ಡವರಿಗೆ ಓದು ಬರಹ ಹೇಳಿಕೊಡುತ್ತೇವೆ. ಕೇಂದ್ರ ಸರ್ಕಾರದ ಉಲ್ಲಾಸ್ ಕಾರ್ಯಕ್ರಮದಲ್ಲಿ ಹೆಸರು ಬರೆಸಿದವರು ಕೆಲವರು, ಸುಮ್ನೆ ಬಂದು ಕೂರುವವರು ಕೆಲವರು. ಊರಿನ ಸ್ತ್ರೀಶಕ್ತಿ ಸಂಘದ ಹೆಂಗಸರು ಬರುತ್ತಾರೆ, ದಲಿತ ಕಾಲೋನಿಯವರು ಬರುತ್ತಾರೆ. ಕೊಯ್ಲು ಶುರುವಾದ ಮೇಲೆ ಕಾಫಿ ತೋಟದ ಲೈನಿನಿಂದ, ಅಂದರೆ ಕೂಲಿಯವರ ಸಾಲು ಮನೆಗಳಿಂದ, ಅಸ್ಸಾಮಿನ ಗಂಡ ಹೆಂಡತಿಯರೂ ಬರುತ್ತಿದ್ದಾರೆ.

ಈ ಸಲ ನಾಲ್ಕು ಟ್ಯಾಬ್ ಬಂದಿವೆ. ಅವು ಬಂದ ಮೇಲೆ ಜನ ಜಾಸ್ತಿಯಾಗಿದ್ದಾರೆ, ಅದು ಖುಷಿ. ತೊಂದರೆ ಬೇರೆ ಇದೆ. ಊರಿನವರು ಬೀರು ಪಕ್ಕದ ಬೆಂಚಲ್ಲಿ, ಕಾಲೋನಿಯವರು ಕಿಟಕಿ ಕಡೆ, ಅಸ್ಸಾಮಿನವರು ಬಾಗಿಲ ಹತ್ತಿರ ಚಾಪೆ ಮೇಲೆ. ಹೀಗೇ ಕೂರಿ ಅಂತ ಯಾರೂ ಹೇಳಿಲ್ಲ. ಕಾಲೋನಿಯ ಒಬ್ಬರು ಅಕ್ಷರ ತಿದ್ದಿ ಟ್ಯಾಬ್ ಮುಂದಕ್ಕೆ ಚಾಚಿದರೆ, ಊರಿನ ಒಬ್ಬ ಅಮ್ಮ ಅದನ್ನು ಮೇಜಿನ ಮೇಲೆ ಇಡಿಸಿ, ಸೆರಗಿನ ತುದಿಯಿಂದ ಗಾಜು ಒರೆಸಿ, ಆಮೇಲೆ ಎತ್ತಿಕೊಳ್ಳುತ್ತಾರೆ. ಕೈಯಿಂದ ಕೈಗೆ ಇಲ್ಲ. ಕೇಳಿದರೆ "ಎಣ್ಣೆ ಕೈ ಇರುತ್ತೆ ಕಣಮ್ಮ, ಗಾಜು ಹಾಳಾಗುತ್ತೆ" ಅನ್ನುತ್ತಾರೆ. ಅಸ್ಸಾಮಿನವರ ಬೆನ್ನ ಹಿಂದೆ "ಬಾಂಗ್ಲಾದವರು" ಅನ್ನುವ ಮಾತು ದಿನಾ ಇದ್ದದ್ದೇ. ಜಗಳ ಒಂದೂ ಆಗಿಲ್ಲ. ಮಾತೂ ಆಗಿಲ್ಲ.

ಟ್ಯಾಬ್ ಇಟ್ಟುಕೊಂಡು ಇದನ್ನು ಸ್ವಲ್ಪ ಸಡಿಲ ಮಾಡಬಹುದಾ? ಬೋಧನೆ ಮಾಡಿದರೆ ಯಾರೂ ನಾಳೆ ಬರುವುದಿಲ್ಲ. ಬರುವುದು ನಿಲ್ಲಲೂಬಾರದು.

ಕೋಡ್ ಹಾಸನ

ಅಕ್ಕ, ನಾನು ಹಾಸನದವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಇದಕ್ಕೆ ವಿಆರ್ ಕನ್ನಡಕ ಚೆನ್ನಾಗಿರುತ್ತದೆ, ಅದನ್ನು ಹಾಕಿಕೊಂಡರೆ ಕಂಪ್ಯೂಟರ್ ಕಟ್ಟಿದ ಬೇರೊಂದು ಜಾಗದೊಳಗೇ ಇದ್ದ ಹಾಗೆ ಕಾಣುತ್ತದೆ. ಬಾರ್ಸಿಲೋನಾದಲ್ಲಿ ಒಂದು ಪ್ರಯೋಗ ಮಾಡಿದ್ದರು, 2013ರಲ್ಲಿ ಪ್ರಕಟವಾಯಿತು. ಬಿಳಿ ಮೈಬಣ್ಣದ ಹೆಂಗಸರಿಗೆ ವಿಆರ್ ಹಾಕಿಸಿ, ಒಳಗಿನ ಕನ್ನಡಿಯಲ್ಲಿ ಅವರೇ ಕಪ್ಪು ಮೈಯವರಾಗಿ ಕಾಣುವಂತೆ ಮಾಡಿದರು. ಕೈ ಎತ್ತಿದರೆ ಆ ಕಪ್ಪು ಕೈ ಏಳುತ್ತದೆ. ಆಮೇಲೆ ಪರೀಕ್ಷೆ ಮಾಡಿದಾಗ ಅವರೊಳಗಿನ ವರ್ಣಭೇದ ಕಡಿಮೆಯಾಗಿತ್ತು. ನಾವೂ "ಲೈನ್ ಮನೆಯಲ್ಲಿ ಒಂದು ದಿನ" ಅಂತ ಮಾಡಬಹುದು. ಹಳೇ ಹೆಡ್‌ಸೆಟ್ ನನ್ನ ಹತ್ತಿರ ಇದೆ, ಕಳಿಸುತ್ತೇನೆ.

ಜನ ಬರುತ್ತಿರಬೇಕು ಅಂದರೆ ಪಾಯಿಂಟ್ಸ್ ಇಡಿ. ದಿನಾ ಬಂದವರಿಗೆ ಸ್ಟಾರ್. ಊರಿನವರದ್ದೊಂದು ಟೀಮ್, ಲೈನಿನವರದ್ದೊಂದು ಟೀಮ್, ಗೋಡೆ ಮೇಲೆ ಸ್ಕೋರ್. ಪೈಪೋಟಿ ಇದ್ದರೆ ಕಲಿಕೆ ತಾನಾಗೇ ಬರುತ್ತದೆ.

ಬೇಲೂರು ಬಸ್ ಸ್ಟ್ಯಾಂಡ್

ಕನ್ನಡಕ ಹಾಕಿದರೆ ಜಾತಿ ಹೋಗುತ್ತದೆ ಅನ್ನುವುದಾದರೆ ನಮ್ಮೂರ ಗುಡಿ ಮುಂದೆ ಒಂದು ಅಂಗಡಿ ಇಡಿ ಸ್ವಾಮಿ, ಒಳ್ಳೆ ವ್ಯಾಪಾರ ಆಗುತ್ತದೆ. ಲೈನ್ ಮನೆ ನೋಡಲು ವಿಆರ್ ಯಾಕೆ? ತೋಟದ ಗೇಟಿನಿಂದ ಅರ್ಧ ಮೈಲಿ ನಡೆದರೆ ಸಿಗುತ್ತದೆ. ಇಷ್ಟು ವರ್ಷ ನೋಡಿಲ್ಲ ಅಂದರೆ ಕಣ್ಣಿನ ತೊಂದರೆ ಅಲ್ಲ.

ಮನಸ್ಸು ಮೇಡಂ, ಚಿಕ್ಕಮಗಳೂರು

ಬೇಲೂರಿನವರು ತಮಾಷೆಗೆ ಹೇಳಿದ್ದರಲ್ಲೂ ಹುರುಳಿದೆ. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಬಾರ್ಸಿಲೋನಾದ ಪ್ರಯೋಗ ನಿಜ. ಆದರೆ ಅದು ಕನ್ನಡಕ ತೆಗೆದ ಸ್ವಲ್ಪ ಹೊತ್ತಿಗೇ ಅಳೆದದ್ದು. ಇಂಥ ಉಪಾಯಗಳ ಪರಿಣಾಮ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅಮೆರಿಕದಲ್ಲಿ ದೊಡ್ಡದಾಗಿ ಪರೀಕ್ಷೆ ಮಾಡಿ 2016ರಲ್ಲಿ ಬರೆದರು. ಒಂಬತ್ತು ಬಗೆಯ ಉಪಾಯ, ಆರು ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳು. ಒಂಬತ್ತೂ ಆ ಕ್ಷಣಕ್ಕೆ ಕೆಲಸ ಮಾಡಿದವು. ಕೆಲವು ಗಂಟೆಯಿಂದ ಕೆಲವು ದಿನದೊಳಗೆ ಒಂಬತ್ತೂ ಮಾಯ. ನಿಮ್ಮ ಊರಿನ ಅಮ್ಮ ಕನ್ನಡಕ ಹಾಕಿ ಕಣ್ಣೀರು ಹಾಕಬಹುದು, ಮಾರನೇ ದಿನ ಮತ್ತೆ ಸೆರಗು ಹಿಡಿದು ಗಾಜು ಒರೆಸುತ್ತಾರೆ.

ಒಟ್ಟಿಗೆ ಕೂರಿಸಿದರೆ ಸಾಕಾ ಅಂದರೆ ಅದೂ ಸಾಲದು. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದನ್ನು ಬರೆದಿದ್ದಾರೆ. ಇಬ್ಬರಿಗೂ ಸಮ ಸ್ಥಾನ ಇರಬೇಕು. ಇಬ್ಬರಿಗೂ ಬೇಕಾದ ಒಂದೇ ಕೆಲಸ ಇರಬೇಕು. ಆ ಕೆಲಸ ಕೈ ಜೋಡಿಸದೆ ಮುಗಿಯಬಾರದು. ಮೇಲಿನವರ ಒಪ್ಪಿಗೆ ಎಲ್ಲರಿಗೂ ಕಾಣುವ ಹಾಗಿರಬೇಕು. ಆಮೇಲೆ ಬಂದ ಐನೂರಕ್ಕೂ ಹೆಚ್ಚು ಅಧ್ಯಯನಗಳನ್ನು 2006ರಲ್ಲಿ ಇಬ್ಬರು ಒಟ್ಟುಗೂಡಿಸಿ ನೋಡಿದರು. ಜನ ಬೆರೆತರೆ ಪೂರ್ವಗ್ರಹ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಈ ನಾಲ್ಕೂ ಇದ್ದರೆ ಇನ್ನೂ ಜಾಸ್ತಿ ಕಡಿಮೆಯಾಗುತ್ತದೆ ಅಂತ ಕಂಡಿತು.

ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದವರು ಎಲಿಯಟ್ ಅರಾನ್ಸನ್. 1971, ಟೆಕ್ಸಸ್‌ನ ಆಸ್ಟಿನ್. ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಆಗಷ್ಟೇ ಒಂದೇ ಶಾಲೆಗೆ ಸೇರಿಸಿದ್ದರು, ಹೊಡೆದಾಟ ಶುರುವಾಗಿತ್ತು. ಇವರು ಒಂದು ಪಾಠವನ್ನು ತುಂಡು ಮಾಡಿ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ಪಕ್ಕದವನು ಹೇಳುವುದನ್ನು ಕೇಳದೆ ಗತಿಯಿಲ್ಲ.

ಹಾಗಾಗಿ ಅರಿವು ಅಕ್ಕ, ಟ್ಯಾಬ್ ನಾಲ್ಕೇ ಬಂದದ್ದು ಒಳ್ಳೆಯದೇ ಆಯಿತು. ಒಬ್ಬರಿಗೊಂದು ಕೊಟ್ಟರೆ ಪ್ರತಿಯೊಬ್ಬರೂ ಅವರವರ ಗಾಜಿನೊಳಗೆ ಮುಳುಗುತ್ತಾರೆ. ಇಬ್ಬರಿಗೊಂದು ಕೊಡಿ. ಒಬ್ಬರ ಹತ್ತಿರ ಅರ್ಧ ಇರಲಿ, ಇನ್ನೊಬ್ಬರ ಹತ್ತಿರ ಅರ್ಧ.

ಕೋಡ್ ಅವರೇ, ಊರಿನ ಟೀಮ್, ಲೈನಿನ ಟೀಮ್ ಮಾತ್ರ ಖಂಡಿತ ಬೇಡ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಟ್ ಲೋ ಅನ್ನುವ ಅರ್ಥಶಾಸ್ತ್ರಜ್ಞ ಕ್ರಿಕೆಟ್ ಲೀಗ್ ನಡೆಸಿ ಇದನ್ನೇ ಪರೀಕ್ಷೆ ಮಾಡಿದರು, 2021ರಲ್ಲಿ ಪ್ರಕಟವಾಯಿತು. ಬೇರೆ ಜಾತಿಯವರ ಜೊತೆ ಒಂದೇ ಟೀಮಿನಲ್ಲಿ ಆಡಿದವರಿಗೆ ಬೇರೆ ಜಾತಿಯ ಗೆಳೆಯರು ಜಾಸ್ತಿಯಾದರು. ಬೇರೆ ಜಾತಿಯವರನ್ನು ಎದುರಾಳಿಯಾಗಿ ಆಡಿದವರಲ್ಲಿ ಒಡನಾಟ ಇನ್ನೂ ಕಡಿಮೆಯಾಯಿತು. ಅದೇ ಮೈದಾನ, ಅದೇ ಆಟ.

ತೋಟದ ರೈಟರ್, ಆಲೂರು

ಮೇಡಂ, ಸಿದ್ಧಾಂತ ಇರಲಿ. ಮೊದಲು ಬೆರಳಿನ ವಿಷಯ ಮಾತಾಡೋಣ.

ಕೊಯ್ಲು ಕಾಲದಲ್ಲಿ ಕೂಲಿಯವರ ಕೈ ನೋಡಿದ್ದೀರಾ? ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಒಣಗಿ, ಸೀಳಿ, ಚರ್ಮ ದಪ್ಪ ಕಟ್ಟಿರುತ್ತದೆ. ಹಣ್ಣಿನ ಅಂಟು ಬೇರೆ. ಆ ಬೆರಳನ್ನು ಟ್ಯಾಬ್ ಮೇಲೆ ಇಟ್ಟರೆ ಟ್ಯಾಬ್‌ಗೆ ಗೊತ್ತೇ ಆಗುವುದಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ ಅಂತ ವಾಪಸ್ ಬರುವುದು ಇದೇ ಕಾರಣಕ್ಕೆ. ಒಬ್ಬ ಹೆಂಗಸು ಎರಡು ಸಲ ಒತ್ತಿ, ಮೂರನೇ ಸಲ ಗಟ್ಟಿಯಾಗಿ ಒತ್ತಿ, "ನನ್ನ ತಲೆಗೆ ಹತ್ತುವುದಿಲ್ಲ ಬಿಡಿ" ಅಂತ ಎದ್ದು ಹೋಗುತ್ತಾಳೆ. ತಲೆಗೆ ಹತ್ತದಿರುವುದೇನೂ ಇಲ್ಲ. ಗಾಜಿಗೆ ಬೆರಳಿನ ಒದ್ದೆ ಬೇಕು. ಒಂದು ಬೋಗುಣಿ ನೀರು, ಒಂದು ಬಟ್ಟೆ ಬಾಗಿಲಲ್ಲೇ ಇಡಿ. ಬಂದವರೆಲ್ಲ ಬೆರಳು ಒದ್ದೆ ಮಾಡಿ ಒರೆಸಿಕೊಂಡು ಕೂರಲಿ, ನೀವೂ ಸೇರಿ. ರಬ್ಬರ್ ತುದಿಯ ಕಡ್ಡಿ ಪೆನ್ ಸಿಗುತ್ತದೆ, ಅದನ್ನೂ ಒಂದಿಷ್ಟು ತರಿಸಿ. ಎಲ್ಲರೂ ಒರೆಸಿಕೊಂಡೇ ಬಂದಿದ್ದಾರೆ ಅಂದ ಮೇಲೆ ಆ ಅಮ್ಮನ ಎಣ್ಣೆ ಕೈ ಮಾತಿಗೆ ಜಾಗ ಇರುವುದಿಲ್ಲ.

ಇನ್ನು ಏನು ಕಲಿಸುತ್ತೀರಿ ಅನ್ನುವುದು. ಅ ಆ ಇ ಈ ಅಂತ ಶುರು ಮಾಡಿದರೆ ಮಕ್ಕಳ ಪಾಠ ಅಂತ ನಾಚಿಕೆ. ಅವರಿಗೆ ಬೇಕಾಗಿರುವುದು ತೂಕ. ಕೊಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ಸಂಜೆ ಚೀಲ ತಕ್ಕಡಿಗೆ ಹಾಕಿದಾಗ ಕೆಂಪು ಅಂಕಿ ಬರುತ್ತದೆ, ನಾನು ಬುಕ್ಕಿನಲ್ಲಿ ಬರೆಯುತ್ತೇನೆ, ಅವರು ತಲೆಯಾಡಿಸುತ್ತಾರೆ. ಓದಲು ಬಂದರೆ ನನ್ನಂಥವನಿಗೆ ಕಷ್ಟ, ಆದರೂ ಹೇಳುತ್ತಿದ್ದೇನೆ. ಆಮೇಲೆ ಗೃಹಲಕ್ಷ್ಮಿ ದುಡ್ಡು ಬಂತಾ ಅಂತ ನೋಡುವ ಬ್ಯಾಂಕ್ ಮೆಸೇಜ್. ಅದು ಇಂಗ್ಲಿಷಿನಲ್ಲಿ ಬರುತ್ತದೆ, 2000 ಅನ್ನುವ ಅಂಕಿ ಹುಡುಕುವುದು ಕಲಿತರೆ ಅರ್ಧ ಕೆಲಸ ಆಯಿತು.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಆನೆ ಮೆಸೇಜ್.

ಅರಿವು ಅಕ್ಕ, ಸಕಲೇಶಪುರ ತಾಲ್ಲೂಕು

ರೈಟರ್ ಸರ್, ಬೋಗುಣಿ ನಾಳೆಯಿಂದಲೇ. ಆನೆ ಮೆಸೇಜ್ ಅಂದರೆ ಅರಣ್ಯ ಇಲಾಖೆಯವರು ವಾಟ್ಸ್ಯಾಪ್ ಗುಂಪಿನಲ್ಲಿ ಹಾಕುತ್ತಾರಲ್ಲ, ಅದೇ ತಾನೇ?

ತೋಟದ ರೈಟರ್, ಆಲೂರು

ಅದೇ. ಇಂಥ ತೋಟದ ಹತ್ತಿರ ಇಷ್ಟು ಆನೆ ಇವೆ, ಇಂಥ ದಾರಿಯಲ್ಲಿ ಓಡಾಡಬೇಡಿ ಅಂತ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯವರಿಗೆ ಹೇಳಬೇಕಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಯಸಳೂರು ಹತ್ತಿರ ಕಾರ್ಯಾಚರಣೆಯಲ್ಲಿ ಅಂಬಾರಿ ಹೊತ್ತ ಅರ್ಜುನನೇ ಸತ್ತ. ಅಂಥ ಆನೆಗೇ ಹಾಗಾದರೆ ಕೂಲಿ ಕೆಲಸದವರ ಪಾಡೇನು? ಬೆಳಿಗ್ಗೆ ಮಂಜಿನಲ್ಲಿ ಕೆಲಸಕ್ಕೆ ಹೋಗುವವರು ಅವರು, ಕತ್ತಲಾದ ಮೇಲೆ ನಿಮ್ಮ ತರಗತಿ ಮುಗಿಸಿ ನಡೆದು ಹೋಗುವವರೂ ಅವರೇ. ಮೆಸೇಜ್ ಫೋನಿನಲ್ಲಿ ಬಂದು ಬಿದ್ದಿರುತ್ತದೆ, ಓದುವವರಿಲ್ಲ. ಮೇಸ್ತ್ರಿ ಹೇಳಿದರೆ ಉಂಟು.

ಇದರಲ್ಲಿ ಒಂದು ಸ್ವಾರಸ್ಯ ಇದೆ. ನಮ್ಮ ಹೆಂಗಸರಿಗೆ ಓದು ಬರುವುದಿಲ್ಲ, ಆದರೆ ಊರು, ಹಳ್ಳ, ಬಾಣೆ, ಒಳದಾರಿ ಎಲ್ಲ ಗೊತ್ತು. ಅಸ್ಸಾಮಿನ ಹುಡುಗರಿಗೆ ಇಲ್ಲಿನ ಒಂದು ಹೆಸರೂ ಗೊತ್ತಿಲ್ಲ, ಆದರೆ ಫೋನ್ ಅಂದರೆ ನೀರು ಕುಡಿದ ಹಾಗೆ. ಮ್ಯಾಪ್ ತೆಗೆಯುತ್ತಾರೆ, ಊರಿಗೆ ವಿಡಿಯೋ ಕಾಲ್ ಮಾಡುತ್ತಾರೆ, ದುಡ್ಡು ಕಳಿಸುತ್ತಾರೆ.

ಮನಸ್ಸು ಮೇಡಂ, ಚಿಕ್ಕಮಗಳೂರು

ರೈಟರ್ ಸರ್, ನಾನು ಉದ್ದುದ್ದ ಬರೆದದ್ದನ್ನು ನೀವು ನಾಲ್ಕು ಸಾಲಿನಲ್ಲಿ ಮುಗಿಸಿದಿರಿ. ಒಬ್ಬರ ಹತ್ತಿರ ಅರ್ಧ, ಇನ್ನೊಬ್ಬರ ಹತ್ತಿರ ಅರ್ಧ ಅಂತ ನಾವು ಕಟ್ಟಿ ಮಾಡಬೇಕಾಗಿಯೇ ಇಲ್ಲ, ಅದು ಆಗಲೇ ಹಾಗಿದೆ. ಆನೆ ಎಲ್ಲಿದೆ ಅನ್ನುವುದು ಇಬ್ಬರಿಗೂ ಬೇಕು.

ಅರಸೀಕೆರೆ ಮೇಷ್ಟ್ರು

ನಾನು ನಿವೃತ್ತ ಮೇಷ್ಟ್ರು. 90ರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಶಾಲೆ ನಡೆಸಿದವನು. 1990ರಲ್ಲಿ ಎರ್ನಾಕುಲಂ ಪೂರ್ತಿ ಸಾಕ್ಷರ ಜಿಲ್ಲೆ ಅಂತ ಘೋಷಣೆಯಾದಾಗ ನಮಗೆಲ್ಲ ಏನು ಹುರುಪು! ಕಲಾಜಾಥಾ, ಬೀದಿ ನಾಟಕ, ಲಾಟೀನು. ಹಗಲು ಕೂಲಿ ಮಾಡಿದವರು ರಾತ್ರಿ ಸ್ಲೇಟು ಹಿಡಿದು ತೂಕಡಿಸುತ್ತಿದ್ದರು.

ನೋಡಮ್ಮ, ಒಂದು ವಿಷಯ ಮಾತ್ರ ನಿನಗೆ ಹೇಳಲೇಬೇಕು. ನಾನು ಕಂಡ ಊರುಗಳಲ್ಲಿ ಕೇರಿಯ ಕೇಂದ್ರ ಕೇರಿಯಲ್ಲಿ, ಊರಿನ ಕೇಂದ್ರ ಊರಲ್ಲಿ. ಹತ್ತಿರ ಆಗುತ್ತದೆ, ಹೆಂಗಸರು ಬರುತ್ತಾರೆ ಅಂತ ಕಾರಣ. ಎರಡೂ ಕಡೆ ಅಕ್ಷರ ಕಲಿತರು. ಒಬ್ಬರು ಇನ್ನೊಬ್ಬರ ಜಗುಲಿ ಹತ್ತಲಿಲ್ಲ. ನಿನ್ನ ಹತ್ತಿರ ಮೂರು ಕಡೆಯವರೂ ಒಂದೇ ಸೂರಿನ ಕೆಳಗೆ ಬಂದಿದ್ದಾರೆ. ಬೆಂಚು ಬೇರೆ ಇದ್ದರೂ ಪರವಾಗಿಲ್ಲ, ಅದು ದೊಡ್ಡದು.

ಯಂತ್ರದಿಂದ ದೊಡ್ಡವರು ಕಲಿಯುವುದು ಹೊಸದೂ ಅಲ್ಲ. ಎಫ್. ಸಿ. ಕೊಹ್ಲಿ ಅವರ ಮುಂದಾಳತ್ವದಲ್ಲಿ ಸಾಫ್ಟ್‌ವೇರ್ ಕಂಪನಿ ಟಿಸಿಎಸ್‌ನವರು 2000ರಲ್ಲಿ ಆಂಧ್ರದಲ್ಲಿ ಶುರು ಮಾಡಿದ್ದರು. ಹಳೇ ಕಂಪ್ಯೂಟರ್, ಅದರಲ್ಲಿ ಗೊಂಬೆಯಾಟ, ಅಕ್ಷರಕ್ಕೆ ಮೊದಲು ಪೂರ್ತಿ ಪದ. ನಲವತ್ತೈವತ್ತು ಗಂಟೆಯಲ್ಲಿ ಪತ್ರಿಕೆ ಓದುವಷ್ಟು ಬರುತ್ತದೆ ಅನ್ನುತ್ತಿದ್ದರು. ಅದಕ್ಕೂ ಹಿಂದೆ 1963ರಲ್ಲಿ ಬ್ರೆಜಿಲ್‌ನ ಆಂಜಿಕೋಸ್ ಅನ್ನುವಲ್ಲಿ ಅಲ್ಲಿನ ಶಿಕ್ಷಣತಜ್ಞ ಪಾವ್ಲೋ ಫ್ರೇರಿ ಮುನ್ನೂರು ಕೂಲಿಕಾರರಿಗೆ ಕಲಿಸಿದ್ದೂ ಹೀಗೇ. ಮೊದಲು ಅವರ ಬದುಕಿನ ಮಾತು ಹುಡುಕಿ, ಅದರ ಚಿತ್ರ ಗೋಡೆ ಮೇಲೆ ಬಿಟ್ಟು, ಅದರ ಬಗ್ಗೆ ಹರಟೆ ಹೊಡೆಸಿ, ಆಮೇಲೆ ಅಕ್ಷರ. ರೈಟರ್ ಹೇಳಿದ ಆನೆ ನನಗೆ ಅದಕ್ಕೇ ಸರಿ ಕಂಡಿತು.

ಲೈನ್ ಮನೆ ಹುಡುಗಿ

ನಾನು ಹುಟ್ಟಿದ್ದು ಲೈನಿನಲ್ಲಿ, ಈಗ ಬಿಎ ಓದುತ್ತಿದ್ದೇನೆ. ಇಲ್ಲಿ ಎಲ್ಲರೂ ಒಳ್ಳೆಯ ಮನಸ್ಸಿನಿಂದ ಬರೆಯುತ್ತಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಮೂರು ಮಾತು ಹೇಳಬೇಕು.

ಕಾಲೋನಿಯವರನ್ನೂ ಅಸ್ಸಾಮಿನವರನ್ನೂ ಒಂದೇ ಕಡೆ ನಿಲ್ಲಿಸಬೇಡಿ. ಅಸ್ಸಾಮಿನವರನ್ನು "ಬಾಂಗ್ಲಾ" ಅನ್ನುವುದರಲ್ಲಿ ನಮ್ಮವರೂ ಹಿಂದೆ ಬಿದ್ದಿಲ್ಲ. ಅವರು ಬಂದ ಮೇಲೆ ನಮಗೆ ಕೂಲಿ ಕಡಿಮೆಯಾಯಿತು ಅನ್ನುವ ಸಿಟ್ಟು ಲೈನಿನಲ್ಲಿ ಇದೆ. ಆ ಸಿಟ್ಟು ಟ್ಯಾಬ್‌ನಿಂದ ಹೋಗುವುದಿಲ್ಲ, ಅದು ಸಾಹುಕಾರರ ಹತ್ತಿರ ಕೇಳಬೇಕಾದ ಪ್ರಶ್ನೆ.

ಎರಡನೆಯದು ಸಮ ಸ್ಥಾನ. ಊರಿನವರು ಕೆಲವರು ನಾಲ್ಕನೇ ಕ್ಲಾಸ್ ಓದಿ ಬಿಟ್ಟವರು, ಅವರಿಗೆ ಅಲ್ಪ ಸ್ವಲ್ಪ ಓದು ಬರುತ್ತದೆ. ಜೋಡಿ ಮಾಡಿದರೆ ಪ್ರತಿ ಸಲವೂ ಅವರೇ ಹೇಳಿಕೊಡುವವರು, ನಮ್ಮಮ್ಮ ಕೇಳಿಸಿಕೊಳ್ಳುವವಳು. ತೋಟದಲ್ಲೂ ಅದೇ, ಲೈಬ್ರರಿಯಲ್ಲೂ ಅದೇ. ನಮ್ಮಮ್ಮನಿಗೆ ಗೊತ್ತಿರುವುದು ಊರಿನವರಿಗೆ ಬೇಕಾಗುವಂಥ ಪಾಠ ಇಡಿ. ಯಾವ ಹಳ್ಳದ ಪಕ್ಕ ಆನೆ ನಿಲ್ಲುತ್ತದೆ, ಲದ್ದಿ ನೋಡಿದರೆ ಎಷ್ಟು ಹೊತ್ತಾಯಿತು, ಇದೆಲ್ಲ ಬೆಂಚಿನವರಿಗೆ ಗೊತ್ತಿಲ್ಲ. ತೋಟದೊಳಗೆ ದಿನಾ ನಡೆಯುವವರಿಗೆ ಗೊತ್ತು.

ಮೂರನೆಯದು, ದಯವಿಟ್ಟು ಫೋಟೋ ಹಾಕಬೇಡಿ. "ಎಲ್ಲ ಜಾತಿಯವರೂ ಒಂದೇ ಟ್ಯಾಬ್‌ನಲ್ಲಿ" ಅಂತ ಫೋಟೋ ಬಂದರೆ ಮಾರನೇ ದಿನ ನಾವೂ ಬರುವುದಿಲ್ಲ, ಅವರೂ ಬರುವುದಿಲ್ಲ.

ಕೋಡ್ ಹಾಸನ

ವಿಆರ್ ಬಿಡೋಣ. ರಾತ್ರಿ ಕೂತು ಒಂದು ಸಣ್ಣದು ಮಾಡಿದ್ದೇನೆ. ಇಂಟರ್ನೆಟ್ ಬೇಡ, ಟ್ಯಾಬ್‌ನಲ್ಲೇ ಓಡುತ್ತದೆ. ಮಳೆಗಾಲದಲ್ಲಿ ನಿಮ್ಮಲ್ಲಿ ಕರೆಂಟೂ ಸಿಗ್ನಲ್ಲೂ ಒಟ್ಟಿಗೆ ಹೋಗುತ್ತವೆ ಅಂತ ನನಗೂ ಗೊತ್ತು.

ಟ್ಯಾಬ್ ಮೇಜಿನ ಮೇಲೆ ಮಲಗಿಸಿ, ಇಬ್ಬರು ಎದುರುಬದುರು ಕೂರಬೇಕು. ಗಾಜು ಎರಡು ಭಾಗ. ಒಂದು ಕಡೆಯವರಿಗೆ ಆನೆ ಮೆಸೇಜ್, ದೊಡ್ಡ ಅಕ್ಷರದಲ್ಲಿ, ಒಂದು ಸಲಕ್ಕೆ ಒಂದೇ ಸಾಲು. ಪದ ಮುಟ್ಟಿದರೆ ಓದಿ ಹೇಳುತ್ತದೆ. ಇನ್ನೊಂದು ಕಡೆಯವರಿಗೆ ದಾರಿ, ಹಳ್ಳ, ಲೈನ್, ಬಸ್ ಸ್ಟಾಪ್ ಇರುವ ಚಿತ್ರ. ಮೆಸೇಜ್ ಕಡೆಯವರು ಹೇಳಿದ ಜಾಗಕ್ಕೆ ಚಿತ್ರದ ಕಡೆಯವರು ಆನೆ ಎಳೆದು ಇಡಬೇಕು. ಆಮೇಲೆ ಮನೆಗೆ ಯಾವ ದಾರಿ ಅಂತ ಇಬ್ಬರೂ ಒಂದೇ ಹೊತ್ತಿಗೆ ಒತ್ತಬೇಕು, ಒಬ್ಬರೇ ಒತ್ತಿದರೆ ಮುಂದೆ ಹೋಗುವುದಿಲ್ಲ. ಮುಂದಿನ ಸುತ್ತಿಗೆ ಟ್ಯಾಬ್ ತಿರುಗುತ್ತದೆ, ಓದಿದವರು ಚಿತ್ರಕ್ಕೆ, ಚಿತ್ರದವರು ಓದಿಗೆ. ಸ್ಟಾರ್ ಇಲ್ಲ, ಸ್ಕೋರ್ ಇಲ್ಲ.

ಧ್ವನಿ ಮಾತ್ರ ನನಗೆ ಬೇಕು. ಯಂತ್ರದ ಕನ್ನಡ ಕೇಳಲು ಆಗುವುದಿಲ್ಲ. ಕಾಲೋನಿಯ ಯಾರಾದರೂ ಅಕ್ಕ ಜಾಗದ ಹೆಸರೆಲ್ಲ ಹೇಳಿ ರೆಕಾರ್ಡ್ ಮಾಡಿ ಕಳಿಸಲಿ. ಅಸ್ಸಾಮಿಯಲ್ಲೂ ಒಂದು ಬೇಕು. ಗೂಗಲ್ ಅನುವಾದದಲ್ಲಿ 2022ರಿಂದ ಅಸ್ಸಾಮಿ ಇದೆ, ಆದರೂ ಅಲ್ಲಿಯವರೇ ಹೇಳಿದರೆ ಚೆನ್ನ.

ಬೇಲೂರು ಬಸ್ ಸ್ಟ್ಯಾಂಡ್

ಇದು ಪರವಾಗಿಲ್ಲ. ಕಾಲೋನಿಯ ಅಕ್ಕನ ಧ್ವನಿ ಬೆಂಚಿನವರಿಗೆ ಕನ್ನಡ ಹೇಳಿಕೊಡುವುದು ಅಂದರೆ ನನಗೂ ನೋಡಬೇಕು ಅನ್ನಿಸುತ್ತಿದೆ.

ಅರಿವು ಅಕ್ಕ, ಸಕಲೇಶಪುರ ತಾಲ್ಲೂಕು

ತಡವಾಗಿ ಬರೆಯುತ್ತಿದ್ದೇನೆ, ಪಂಚಾಯಿತಿ ಕೆಲಸ ಜಾಸ್ತಿ ಇತ್ತು. ಆದದ್ದನ್ನು ಹೇಳುತ್ತೇನೆ.

ಬೋಗುಣಿ ಮೊದಲ ದಿನದಿಂದಲೇ ಹಿಡಿಯಿತು. ಜೋಡಿ ಮಾತ್ರ ಕಷ್ಟವಾಯಿತು. ನೀನು ಇವರ ಜೊತೆ ಕೂರು ಅಂದರೆ ಯಾರೂ ಏಳುವುದಿಲ್ಲ. ಕೊನೆಗೆ ಯಾವ ದಾರಿಯಲ್ಲಿ ಮನೆಗೆ ಹೋಗುತ್ತೀರಿ ಅಂತ ಕೇಳಿ, ಒಂದೇ ದಾರಿಯವರನ್ನು ಒಂದು ಟ್ಯಾಬ್‌ಗೆ ಕೂರಿಸಿದೆ. ಅದಕ್ಕೆ ಯಾರೂ ಎದುರಾಡಲಿಲ್ಲ. ದಾರಿ ಒಂದೇ ಅಂದ ಮೇಲೆ ಆನೆಯೂ ಒಂದೇ ಅಲ್ವಾ?

ಗಾಜು ಒರೆಸುತ್ತಿದ್ದ ಅಮ್ಮನಿಗೆ ಅಸ್ಸಾಮಿನ ಒಬ್ಬ ಹುಡುಗ ಜೋಡಿಯಾದ. ಟ್ಯಾಬ್ ಮೇಜಿನ ಮೇಲೇ ಮಲಗಿರುವುದರಿಂದ ಯಾರೂ ಯಾರಿಗೂ ಕೊಡಬೇಕಾಗಿಲ್ಲ, ಒರೆಸುವ ಪ್ರಸಂಗವೇ ಬರಲಿಲ್ಲ. ಹುಡುಗ ಆನೆಯನ್ನು ಎಳೆದು ಎಳೆದು ಕೆರೆಯೊಳಗೆ ಇಟ್ಟ. ಅಮ್ಮ "ಅಯ್ಯೋ, ಅಲ್ಲಲ್ಲ ಕಣೋ, ಏರಿ ಮೇಲೆ, ಏರಿ ಮೇಲೆ" ಅಂತ ಅವನ ಬೆರಳನ್ನೇ ಹಿಡಿದು ಪಕ್ಕಕ್ಕೆ ಎಳೆದುಬಿಟ್ಟರು. ಹಿಡಿದದ್ದು ಅವರಿಗೂ ಆಮೇಲೆ ಗೊತ್ತಾಯಿತು. ಕೈ ಬಿಟ್ಟರು, ಆದರೆ ಎದ್ದು ಹೋಗಲಿಲ್ಲ. ಆಟ ಮುಂದುವರಿಯಿತು.

ಎಲ್ಲ ಹೀಗೇ ಅಂದುಕೊಳ್ಳಬೇಡಿ. ಬೆಂಚಿನ ಒಬ್ಬರು ಬರುವುದು ಬಿಟ್ಟಿದ್ದಾರೆ, ಮೊಮ್ಮಗನ ನೆಪ ಹೇಳುತ್ತಾರೆ. ಇನ್ನೊಬ್ಬರು ಟ್ಯಾಬ್ ಮುಂದೆ ಚೆನ್ನಾಗಿಯೇ ಮಾತಾಡುತ್ತಾರೆ, ಟೀ ಬಂದ ಕೂಡಲೇ ಲೋಟ ಹಿಡಿದು ಬೆಂಚಿಗೆ ಹೋಗುತ್ತಾರೆ.

ಬಸ್ಸಿನ ವಿಷಯ ಬಂದಾಗ ಸ್ವಲ್ಪ ಬಿಸಿಯಾಯಿತು. ಬೋರ್ಡ್ ಓದುವ ಪಾಠ ಇತ್ತು. ಶಕ್ತಿ ಯೋಜನೆಯಲ್ಲಿ ನಮ್ಮ ಹೆಂಗಸರಿಗೆ ಟಿಕೆಟ್‌ಗೆ ದುಡ್ಡಿಲ್ಲ, ಕರ್ನಾಟಕದ ವಿಳಾಸ ಇಲ್ಲದವರಿಗೆ ದುಡ್ಡು ಉಂಟು. "ಹಾಗಾದರೆ ಅವರು ದುಡ್ಡು ಕೊಡಬೇಕಾ?" ಅಂತ ಕಾಲೋನಿಯ ಒಬ್ಬರು ಕೇಳಿದರು. ಅವರಿಗೆ ಅದು ಗೊತ್ತೇ ಇರಲಿಲ್ಲ. ಎಲ್ಲ ಸವಲತ್ತೂ ಹೊರಗಿನವರಿಗೇ ಹೋಗುತ್ತದೆ ಅಂದುಕೊಂಡಿದ್ದವರು ಅವರು. ಅಸ್ಸಾಮಿನ ಹೆಂಗಸು ಪರ್ಸಿನಿಂದ ಟಿಕೆಟ್ ತೆಗೆದು ತೋರಿಸಿದಳು. ಆ ಟಿಕೆಟ್ಟನ್ನೇ ಅಂಕಿ ಓದಲು ಇಟ್ಟುಕೊಂಡೆವು.

ಮನಸ್ಸು ಮೇಡಂ, ಚಿಕ್ಕಮಗಳೂರು

ಟೀ ಲೋಟದ ಮಾತು ಮುಖ್ಯ. ಇರಾಕಿನಲ್ಲಿ ಐಸಿಸ್ ಹಾವಳಿ ಮುಗಿದ ಮೇಲೆ ಸಲ್ಮಾ ಮೂಸಾ ಅನ್ನುವವರು ಕ್ರೈಸ್ತರ ಫುಟ್‌ಬಾಲ್ ಟೀಮುಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ನೋಡಿದರು, 2020ರಲ್ಲಿ ಪ್ರಕಟವಾಯಿತು. ಮೈದಾನದಲ್ಲಿ ಒಡನಾಟ ಬೆಳೆಯಿತು, ತಿಂಗಳುಗಳಾದ ಮೇಲೂ ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದರು. ಮೈದಾನದ ಹೊರಗೆ, ಗೊತ್ತಿಲ್ಲದ ಮುಸ್ಲಿಮರ ಜೊತೆ ಬೆರೆಯುವ ವಿಷಯಕ್ಕೆ ಬಂದರೆ ಅಷ್ಟು ಬದಲಾವಣೆ ಕಾಣಲಿಲ್ಲ. ಆ ಅಮ್ಮನಿಗೆ ಆ ಹುಡುಗ ಪರವಾಗಿಲ್ಲ ಅನ್ನಿಸಬಹುದು, "ಬಾಂಗ್ಲಾದವರು" ಹಾಗೇ ಉಳಿಯಬಹುದು.

ಒಬ್ಬೊಬ್ಬರ ಮನಸ್ಸು ತಿರುಗಿಸುವುದಕ್ಕಿಂತ ಊರಲ್ಲಿ ಯಾವುದು ಸರಿ ಅನ್ನಿಸಿಕೊಳ್ಳುತ್ತದೆ ಅನ್ನುವುದನ್ನು ಸರಿಸುವುದು ಸುಲಭ ಅಂತ ಕಾಣುತ್ತದೆ. ರುವಾಂಡಾದಲ್ಲಿ ರೇಡಿಯೋ ನಾಟಕ ಕೇಳಿಸಿ ಪರೀಕ್ಷೆ ಮಾಡಿದ ಬೆಟ್ಸಿ ಲೆವಿ ಪಾಲಕ್ 2009ರಲ್ಲಿ ಅದನ್ನೇ ಬರೆದರು. ಜನ ಒಳಗೆ ನಂಬಿದ್ದು ಹೆಚ್ಚು ಬದಲಾಗಲಿಲ್ಲ. ಸುತ್ತಲಿನವರು ಏನನ್ನು ಒಪ್ಪುತ್ತಾರೆ ಅನ್ನುವ ಅಂದಾಜು ಬದಲಾಯಿತು, ನಡವಳಿಕೆ ಅದರ ಹಿಂದೆ ಹೋಯಿತು. ನಿಮ್ಮಲ್ಲಿ ಯಾರ ಮಾತು ನಡೆಯುತ್ತದೆ? ಅಧ್ಯಕ್ಷರೋ, ಸಂಘದ ಮುಖ್ಯಸ್ಥೆಯೋ ಒಂದು ಸಂಜೆ ಬಂದು ಚಾಪೆ ಮೇಲೆ ಕೂತು ಟೀ ಕುಡಿದರೆ ಸಾಕು. ಭಾಷಣ ಬೇಡ.

ಲೈನ್ ಮನೆ ಹುಡುಗಿ

ಅಧ್ಯಕ್ಷರು ಬಂದರೆ ಹಿಂದೆಯೇ ಫೋಟೋದವರೂ ಬರುತ್ತಾರೆ ಮೇಡಂ. ಸಂಘದ ಮುಖ್ಯಸ್ಥೆಯೇ ವಾಸಿ. ಲೋಟ ಎಲ್ಲರಿಗೂ ಒಂದೇ ಥರದ್ದು ತನ್ನಿ ಅಕ್ಕ, ತೊಳೆಯುವ ಸರದಿಯನ್ನೂ ದಾರಿ ಪ್ರಕಾರವೇ ಹಾಕಿ.

ಅರಸೀಕೆರೆ ಮೇಷ್ಟ್ರು

ಭಲೇ ಮಗಳೇ. ನಮ್ಮ ಕಾಲದಲ್ಲಿ ಇದನ್ನು ಹೇಳುವವರು ಇರಲಿಲ್ಲ.

ಅರಿವಮ್ಮ, ಉಲ್ಲಾಸ್ ಪರೀಕ್ಷೆ ಮರೆಯಬೇಡ. ಓದು, ಬರಹ, ಲೆಕ್ಕ ಐವತ್ತೈವತ್ತು, ಒಟ್ಟು 150 ಅಂಕ. ಆನೆ ಆಟದಲ್ಲಿ ಓದು ಬರುತ್ತದೆ, ಬರಹಕ್ಕೆ ಕೈಯಲ್ಲಿ ಪೆನ್ಸಿಲ್ ಹಿಡಿಸಲೇಬೇಕು. ಗಾಜಿನ ಮೇಲೆ ತಿದ್ದಿದ ಅಕ್ಷರ ಕಾಗದಕ್ಕೆ ತಾನಾಗಿ ಬರುವುದಿಲ್ಲ. ಪ್ರಮಾಣಪತ್ರ ಸಿಕ್ಕಿದರೆ ಮುದುಕಿಯರಿಗೆ ಎಷ್ಟು ಖುಷಿ ಗೊತ್ತಾ? ಗೋಡೆಗೆ ಕಟ್ಟು ಹಾಕಿಸಿ ತಗುಲಿಸುತ್ತಾರೆ.

ಕೋಡ್ ಹಾಸನ

ಮೇಷ್ಟ್ರೇ, ಆಟದ ಕೊನೆಗೆ ಒಂದು ಸಾಲು ಕಾಗದದಲ್ಲಿ ಬರೆದು ಟ್ಯಾಬ್‌ಗೆ ತೋರಿಸುವ ಹಾಗೆ ಮಾಡುತ್ತೇನೆ. ತಪ್ಪು ಒಪ್ಪು ಯಂತ್ರ ಹೇಳುವುದು ಬೇಡ, ಎದುರಿಗೆ ಕೂತವರೇ ಓದಿ ಹೇಳಲಿ.

ತೋಟದ ರೈಟರ್, ಆಲೂರು

ಒಂದು ಬಿಟ್ಟಿರಿ. ಗಂಡಸರು ಯಾಕೆ ಕಡಿಮೆ? ಹಗಲೆಲ್ಲ ದುಡಿದು ಬಂದವನು ಪಾಠಕ್ಕೆ ಬರುವುದಿಲ್ಲ, ಹಾಡಿಗೆ ಬರುತ್ತಾನೆ.

ಮನಸ್ಸು ಮೇಡಂ, ಚಿಕ್ಕಮಗಳೂರು

ಅದಕ್ಕೂ ದಾರಿ ಇದೆ. ಅಹಮದಾಬಾದಿನ ಬ್ರಿಜ್ ಕೊಠಾರಿ ಅವರು ಟಿವಿಯಲ್ಲಿ ಬರುವ ಸಿನಿಮಾ ಹಾಡಿನ ಸಾಲನ್ನು ಅದೇ ಭಾಷೆಯಲ್ಲಿ ಪರದೆಯ ಮೇಲೆ ಬರೆಸಿದರು. ಹಾಡುವಾಗ ಹಾಡುವ ಪದದ ಬಣ್ಣ ಬದಲಾಗುತ್ತದೆ. 1999ರಲ್ಲಿ ಗುಜರಾತಿನ ದೂರದರ್ಶನದಲ್ಲಿ ಶುರುವಾಗಿ ಆಮೇಲೆ ಹಿಂದಿ ಹಾಡಿನ ಕಾರ್ಯಕ್ರಮಗಳಿಗೂ ಬಂತು. ಹಾಡು ಬಾಯಿಪಾಠ ಇರುವುದರಿಂದ ಕಣ್ಣು ಮುಂದಿನ ಪದಕ್ಕೆ ತಾನಾಗೇ ಓಡುತ್ತದೆ, ಓದುತ್ತಿದ್ದೇನೆ ಅಂತ ಅನ್ನಿಸುವುದೂ ಇಲ್ಲ. ವಾರಕ್ಕೊಂದು ಕನ್ನಡ ಹಾಡು, ಒಂದು ಅಸ್ಸಾಮಿ ಹಾಡು ಹಾಕಿ. ಅಸ್ಸಾಮಿ ಹಾಡಿನ ಸಾಲನ್ನೂ ಕನ್ನಡ ಅಕ್ಷರದಲ್ಲೇ ಬರೆದರೆ ಬೆಂಚಿನವರು ಓದಿ ಹಾಡಬೇಕು, ತಿದ್ದುವವರು ಚಾಪೆಯವರು.

ಬೇಲೂರು ಬಸ್ ಸ್ಟ್ಯಾಂಡ್

ನನ್ನ ಹತ್ತಿರ ಗಣಪತಿ ಪೆಂಡಾಲಿನ ಸ್ಪೀಕರ್ ಒಂದು ಇದೆ, ಬ್ಯಾಟರಿಯಲ್ಲೂ ಓಡುತ್ತದೆ. ತಂದು ಕೊಡುತ್ತೇನೆ. ನಿಮ್ಮ ಕಡೆ ಕೊನೇ ಬಸ್ ಎಷ್ಟು ಹೊತ್ತಿಗೆ?

ಅರಿವು ಅಕ್ಕ, ಸಕಲೇಶಪುರ ತಾಲ್ಲೂಕು

ಏಳೂವರೆಗೆ ಸರ್, ಆದರೆ ನಂಬಬೇಡಿ. ಗುರುವಾರ ಬನ್ನಿ, ಅವತ್ತು ಸಂತೆ, ಜೀಪ್ ಸಿಗುತ್ತದೆ. ಸದ್ದು ಮಾತ್ರ ಜಾಸ್ತಿ ಇಡುವ ಹಾಗಿಲ್ಲ. ಮೇಲಿನ ತೋಟದಲ್ಲಿ ಆನೆ ಇವೆ ಅಂತ ಇವತ್ತು ಮಧ್ಯಾಹ್ನ ಮೆಸೇಜ್ ಬಂದಿದೆ. ನನಗಿಂತ ಮೊದಲು ಓದಿ ಫೋನ್ ಮಾಡಿದ್ದು ಆ ಅಮ್ಮ.